ನೆಗೆಣ್ಣಿಯ ಜೊತೆ ಐದು ಕಿಲೋಮೀಟರ್: ರಜಾ ದಿನದ ಚಾರಿಟಿ ಓಟಕ್ಕೆ ಜೋಡಿಯಾಗಿ ತಯಾರಾಗುವುದು ಹೇಗೆ?

ಮೊದಲ ಸಲ ನಾನೂ ಅಕ್ಕನೂ ಜೋಡಿಯಾಗಿ ಓಡಿದ್ದು ಒಂದು ಜನವರಿ 26ರ ಬೆಳಗ್ಗೆ, ಇದೇ ಕಲಬುರಗಿಯಲ್ಲಿ. ಅಕ್ಕ ಅಂದರೆ ನನ್ನ ನೆಗೆಣ್ಣಿ, ಭಾವನ ಹೆಂಡತಿ. ನನಗಿಂತ ಒಂಬತ್ತು ವರ್ಷ ದೊಡ್ಡವರು. ಓಟ ಶುರುವಾದ ಕೂಡಲೇ ಮೈಕು, ಹಲಗೆ, ಜನರ ಕೂಗು ಎಲ್ಲಾ ಸೇರಿ ನನ್ನ ಕಾಲು ತಾನಾಗಿ ಜೋರಾಯಿತು. ಎರಡನೇ ಕಿಲೋಮೀಟರ್ ಹತ್ತಿರ ತಿರುಗಿ ನೋಡಿದರೆ ಅಕ್ಕ ಇಲ್ಲ. ವಾಪಸ್ ಓಡಿದೆ. ಬಾಗಿಲು ಹಾಕಿದ್ದ ಒಂದು ಅಂಗಡಿಯ ಕಟ್ಟೆ ಮೇಲೆ, ಬಲಗೈಯಿಂದ ಪಕ್ಕೆ ಒತ್ತಿಕೊಂಡು ಕೂತಿದ್ದರು. ಎದೆ ಮೇಲಿನ ನಂಬರ್ ಚೀಟಿಯ ಒಂದು ಪಿನ್ನು ಬಿಚ್ಚಿ, ಆ ಮೂಲೆ ಗಾಳಿಗೆ ಪಟಪಟ ಅನ್ನುತ್ತಿತ್ತು. "ನೀ ಹೋಗವ್ವ, ನಾ ನಡ್ಕೋತ ಬರ್ತೀನಿ" ಅಂದರು.

ನಾನು ಹೋಗಲಿಲ್ಲ. ಆದರೆ ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಎಂಟು ವಾರ ಜೊತೆಯಲ್ಲಿ ಬೆವರು ಸುರಿಸಿದವರನ್ನು ಎಂಟೇ ನಿಮಿಷಕ್ಕೆ ಹಿಂದೆ ಬಿಟ್ಟಿದ್ದೆ. ಆಮೇಲೆ ಎರಡು ಸಲ ಓಡಿದ್ದೇವೆ, ಎರಡೂ ಸಲ ಕೈ ಹಿಡಿದುಕೊಂಡೇ ಗೆರೆ ದಾಟಿದ್ದೇವೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದೆಲ್ಲ ಒಂದೇ ನಿಯಮದ ಮೇಲೆ ನಿಂತಿದೆ: ಜೋಡಿಯಲ್ಲಿ ಯಾರು ನಿಧಾನವೋ ಅವರ ಹೆಜ್ಜೆಯೇ ಜೋಡಿಯ ಹೆಜ್ಜೆ. ನಿಮ್ಮ ಜೋಡಿ ಗಂಡ-ಹೆಂಡತಿ ಆಗಿರಬಹುದು, ಅಪ್ಪ-ಮಗಳು ಆಗಿರಬಹುದು, ಆಫೀಸಿನ ಗೆಳೆಯರಾಗಿರಬಹುದು. ನಿಯಮ ಬದಲಾಗಲ್ಲ.

ಯಾವ ದಿನ, ಯಾವ ಓಟ

ನಮ್ಮ ಕಡೆ ಎಷ್ಟೇ ದೂರದ ಓಟ ಇದ್ದರೂ ಜನ "ಮ್ಯಾರಥಾನ್" ಅಂತಾರೆ. ನಿಜವಾದ ಮ್ಯಾರಥಾನ್ 42.195 ಕಿಲೋಮೀಟರ್. ಚಾರಿಟಿ ಓಟಗಳು ಸಾಮಾನ್ಯವಾಗಿ 3, 5 ಅಥವಾ 10 ಕಿಲೋಮೀಟರ್ ಇರುತ್ತವೆ. ಹೆಸರು ಕೊಡುವ ಮೊದಲು ದೂರ ಎಷ್ಟು ಅಂತ ಕೇಳಿ. ಮೊದಲ ಸಲ ಓಡುವ ಜೋಡಿಗೆ 5 ಸರಿಯಾದ ಅಳತೆ. ಓಡಲಾಗದಿದ್ದರೂ ನಡೆದು ಮುಗಿಸಬಹುದು, ತಯಾರಿ ಇಲ್ಲದೆ ಮಾತ್ರ ಸುಲಭ ಅಲ್ಲ.

ರಜಾ ದಿನ ಅಂದರೆ ಆಗಸ್ಟ್ 15 ಇದೆ, ನಮ್ಮ ಭಾಗಕ್ಕೇ ವಿಶೇಷವಾದ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ದಿನ ಇದೆ, ಡಿಸೆಂಬರ್ 25 ಇದೆ, ಜನವರಿ 26 ಇದೆ. ನನ್ನ ಮತ ಜನವರಿ 26ಕ್ಕೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆ. ಎರಿ ಮಣ್ಣು ಒದ್ದೆಯಾದರೆ ಏನಾಗುತ್ತೆ ಅಂತ ನಮಗೆ ಹೇಳಬೇಕಾಗಿಲ್ಲ ಅಲ್ವಾ, ಬೂಟಿನ ತಳಕ್ಕೆ ಇನ್ನೊಂದು ಬೂಟು ಅಂಟಿಕೊಂಡ ಹಾಗೆ. ಮಾರ್ಚ್ ದಾಟಿದರೆ ಬಿಸಿಲು. 40 ಡಿಗ್ರಿ ದಾಟುವ ಊರಲ್ಲಿ ತಯಾರಿ ಮಾಡುವುದು ದೇಹಕ್ಕೆ ಶಿಕ್ಷೆ. ಡಿಸೆಂಬರ್ 1ಕ್ಕೆ ಶುರು ಮಾಡಿದರೆ ಜನವರಿ 26ಕ್ಕೆ ಸರಿಯಾಗಿ ಎಂಟು ವಾರ ಸಿಗುತ್ತದೆ, ಅದೂ ವರ್ಷದ ಒಳ್ಳೆಯ ಹವೆಯಲ್ಲಿ.

ಒಂದು ಎಚ್ಚರಿಕೆ. ಜನವರಿ 26ರಂದು ಶಾಲೆ, ಆಫೀಸುಗಳಲ್ಲಿ ಧ್ವಜಾರೋಹಣ ಇರುತ್ತದೆ. ನಾನು ಶಿಕ್ಷಕಿ, ತಪ್ಪಿಸುವ ಹಾಗಿಲ್ಲ. ಓಟ ಎಷ್ಟು ಗಂಟೆಗೆ ಅಂತ ಮೊದಲೇ ಕೇಳಿಕೊಳ್ಳಿ. ಆರೂವರೆಗೆ ಶುರುವಾದರೆ ಏಳೂ ಕಾಲಿಗೆ ಮುಗಿಸಿ, ಸೀರೆ ಉಟ್ಟು, ಎಂಟಕ್ಕೆ ಶಾಲೆಯಲ್ಲಿರಬಹುದು. ಏಳಕ್ಕೆ ಶುರು ಅಂತ ಬರೆದಿದ್ದರೆ ಏಳೂವರೆ ಅಂತಲೇ ಲೆಕ್ಕ ಹಾಕಿ. ಅತಿಥಿಗಳ ಭಾಷಣ ಇದ್ದೇ ಇರುತ್ತದೆ.

ದುಡ್ಡು ಎಲ್ಲಿಗೆ ಹೋಗುತ್ತದೆ?

ಇದನ್ನು ಕೇಳಲು ಸಂಕೋಚ ಬೇಡ. ನಮ್ಮ ಮೊದಲ ಓಟದ ದುಡ್ಡು ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ರಗ್ಗು ಕೊಡಿಸಲು ಅಂತ ಇತ್ತು. ನಾವು ಮೂರು ಪ್ರಶ್ನೆ ಕೇಳಿದ್ದೆವು. ಪ್ರವೇಶ ಶುಲ್ಕದಲ್ಲಿ ಟೀ ಶರ್ಟು, ಮೆಡಲ್ಲು, ತಿಂಡಿಗೆ ಎಷ್ಟು ಹೋಗುತ್ತದೆ, ರಗ್ಗಿಗೆ ಎಷ್ಟು ಉಳಿಯುತ್ತದೆ? ಶುಲ್ಕದ ಮೇಲೆ ನಾವಾಗಿ ಕೂಡಿಸಿದ ದುಡ್ಡನ್ನು ಯಾವ ಖಾತೆಗೆ ಹಾಕಬೇಕು? ಕೊಟ್ಟ ಮೇಲೆ ಲೆಕ್ಕ ಯಾರು ತೋರಿಸುತ್ತಾರೆ? ಉತ್ತರ ನೇರವಾಗಿ ಬಂದರೆ ಹೆಸರು ಕೊಡಿ. "ಎಲ್ಲಾ ಆಮೇಲೆ ಹೇಳ್ತೀವಿ" ಅಂದರೆ ಬೇರೆ ಓಟ ನೋಡಿ.

ಫೋನ್‌ಪೇ, ಗೂಗಲ್ ಪೇಯಲ್ಲಿ ಹಾಕುವಾಗ ಪರದೆ ಮೇಲೆ ಬರುವ ಹೆಸರು ಓದಿ. ಸಂಸ್ಥೆಯ ಹೆಸರು ಬರಬೇಕು, ಯಾರದೋ ಸ್ವಂತ ಹೆಸರಲ್ಲ. ತೆರಿಗೆ ವಿನಾಯಿತಿ ಬೇಕಿದ್ದವರು 80ಜಿ ರಸೀದಿ ಅಂತ ಕೇಳುತ್ತಾರೆ. ಅದು ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಉಪಯೋಗ, ಸಂಸ್ಥೆಗೂ ಆ ಮಾನ್ಯತೆ ಇರಬೇಕು, ಮತ್ತೆ 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ. ದೊಡ್ಡ ಮೊತ್ತ ಕೊಡುವ ನೆಂಟರಿಗೆ ಇದನ್ನು ಮೊದಲೇ ಹೇಳಿಬಿಡಿ.

ದುಡ್ಡು ಕೂಡಿಸಲು ನಮಗೆ ಸರಿಹೋದ ದಾರಿ ಕಿಲೋಮೀಟರ್ ಲೆಕ್ಕ. "ನಾವಿಬ್ಬರೂ ಓಡುವ ಒಂದೊಂದು ಕಿಲೋಮೀಟರಿಗೆ 20 ರೂಪಾಯಿ ಕೊಡ್ತೀರಾ?" ಅಂತ ಕೇಳಿದೆವು. ಐದು ಕಿಲೋಮೀಟರಿಗೆ ನೂರು ರೂಪಾಯಿ. ನೂರು ಕೊಡಿ ಅಂತ ಕೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಕೊಟ್ಟವರಿಗೂ ಓಟದಲ್ಲಿ ಒಂದು ಪಾಲು ಸಿಕ್ಕ ಹಾಗಾಗುತ್ತದೆ, ಎದುರು ಸಿಕ್ಕಾಗಲೆಲ್ಲ "ಎಷ್ಟು ಓಡಿದ್ರಿ ಇವತ್ತು?" ಅಂತ ಕೇಳುತ್ತಾರೆ. ಅಕ್ಕ ತರಕಾರಿ ತರುವ ಅಂಗಡಿಯವರು "ನೀವು ಐದೂ ಓಡಿ ಬರ್ರಿ, ಐವತ್ತರಂಗ ಕೊಡ್ತೀನಿ" ಅಂದಿದ್ದರು. ಕೊಟ್ಟರು ಕೂಡ.

ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ ಸುಮ್ಮನಿದ್ದರೆ ದುಡ್ಡು ಬರಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸಿ, ಹೆಸರು ಹಿಡಿದು ಕೇಳಿ. ನಾವು ಬರೆದದ್ದು ಇಷ್ಟು: "ಚಿಕ್ಕಮ್ಮ, ನಾನೂ ಅಕ್ಕನೂ ಜನವರಿ 26ಕ್ಕೆ ಹಾಸ್ಟೆಲ್ ಹುಡುಗೇರ ರಗ್ಗಿಗಾಗಿ ಐದು ಕಿಲೋಮೀಟರ್ ಓಡ್ತಾ ಇದ್ದೀವಿ. ಒಂದು ಕಿಲೋಮೀಟರಿಗೆ ನಿಮ್ಮ ಕಡೆಯಿಂದ 20 ರೂಪಾಯಿ ಬರ್ಕೊಳ್ಳಲಾ?" ಕೊನೆಯ ಪ್ರಶ್ನೆ ಮುಖ್ಯ. ಹೂಂ ಅಥವಾ ಉಹೂಂ ಅಂದರೆ ಸಾಕು, ಹೇಳುವವರಿಗೆ ಸುಲಭ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಹೆಸರು, ಒಪ್ಪಿದ ಮೊತ್ತ, ಕೊಟ್ಟ ತಾರೀಖು, ಮೂರು ಕಾಲಂ ಹಾಕಿ. ಜೋಡಿಯಲ್ಲಿ ಒಬ್ಬರು ಕೇಳುವವರು, ಇನ್ನೊಬ್ಬರು ಬರೆಯುವವರು. ಇಬ್ಬರೂ ಎರಡೂ ಮಾಡಿದರೆ ಲೆಕ್ಕ ಕಲೆಸುತ್ತದೆ.

ಮನೆಯ ಲೆಕ್ಕ ಮೊದಲು

ತಯಾರಿ ಕೆಡುವುದು ಕಾಲಿನಿಂದಲ್ಲ, ಒಲೆಯಿಂದ. ಒಂದೇ ಮನೆಯ ಇಬ್ಬರು ಹೆಂಗಸರು ಬೆಳಗ್ಗೆ ಐದೂವರೆಗೆ ಒಟ್ಟಿಗೆ ಹೊರಗೆ ಹೋದರೆ ಚಹಾ ಯಾರು ಮಾಡುತ್ತಾರೆ, ಡಬ್ಬಿ ಯಾರು ಕಟ್ಟುತ್ತಾರೆ? ನಾವು ಅತ್ತೆಯವರ ಹತ್ತಿರ ಮೊದಲೇ ಕೂತು ಮಾತಾಡಿದೆವು. ವಾರಕ್ಕೆ ಮೂರೇ ದಿನ: ಮಂಗಳವಾರ, ಗುರುವಾರ, ಭಾನುವಾರ. ಆ ದಿನ ಚಹಾ ಗಂಡಸರದ್ದು. ಹಿಂದಿನ ರಾತ್ರಿಯೇ ಕಾಯಿಪಲ್ಯ ಹೆಚ್ಚಿ ಇಡುವುದು. ರೊಟ್ಟಿ ಬಡಿಯಲು ಹೊತ್ತಿಲ್ಲದ ದಿನ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಡಬ್ಬಿ ತುಂಬ ಖಡಕ್ ರೊಟ್ಟಿ ಇದ್ದರೆ ಎಂಟು ವಾರ ದಾಟಿಸಬಹುದು ಅನ್ನುವುದನ್ನು ನಾನು ಪೂರ್ತಿ ನಂಬಿಕೆಯಿಂದ ಹೇಳುತ್ತೇನೆ. ಮೂರನೇ ವಾರಕ್ಕೆ ಅತ್ತೆಯವರೇ ಐದು ಗಂಟೆಗೆ ಬಾಗಿಲು ಬಡಿದು ಎಬ್ಬಿಸತೊಡಗಿದರು.

ಎಂಟು ವಾರದ ತಯಾರಿ

ಮೊದಲು ಆರೋಗ್ಯ. ಬಿಪಿ, ಶುಗರ್, ಹೃದಯದ ತೊಂದರೆ, ಉಬ್ಬಸ ಇದ್ದವರು ಅಥವಾ ವರ್ಷಗಟ್ಟಲೆ ನಡೆಯದೇ ಇದ್ದವರು ಡಾಕ್ಟರಿಗೆ ತೋರಿಸಿಕೊಂಡೇ ಶುರು ಮಾಡಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರಾದರೆ ಓಟದ ದಿನ ಊಟ, ಮಾತ್ರೆ ಹೇಗೆ ಅಂತ ಅವರನ್ನೇ ಕೇಳಿ. ಜೇಬಿನಲ್ಲಿ ಸಕ್ಕರೆಯ ಪುಡಿಕೆ ಇಟ್ಟುಕೊಳ್ಳಿ, ಅದು ಎಲ್ಲಿದೆ ಅಂತ ಜೋಡಿಗೂ ಗೊತ್ತಿರಲಿ.

ನಮ್ಮ ಕ್ರಮ ಓಟ-ನಡಿಗೆ. ಸ್ವಲ್ಪ ಓಡುವುದು, ಸ್ವಲ್ಪ ನಡೆಯುವುದು, ಮತ್ತೆ ಓಡುವುದು. ಎಲ್ಲಾ ದಿನ ಮೊದಲ ಐದು ನಿಮಿಷ, ಕೊನೆಯ ಐದು ನಿಮಿಷ ಬರೀ ನಡಿಗೆ.

ಮೊದಲ ಎರಡು ವಾರ: 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ.
ಮೂರು, ನಾಲ್ಕನೇ ವಾರ: 2 ನಿಮಿಷ ಓಟ, 2 ನಿಮಿಷ ನಡಿಗೆ, ಆರು ಸಲ.
ಐದು, ಆರನೇ ವಾರ: 3 ನಿಮಿಷ ಓಟ, 1 ನಿಮಿಷ ನಡಿಗೆ, ಆರು ಸಲ.
ಏಳನೇ ವಾರ: 5 ನಿಮಿಷ ಓಟ, 1 ನಿಮಿಷ ನಡಿಗೆ, ಐದು ಸಲ.
ಎಂಟನೇ ವಾರ: ಎರಡೇ ದಿನ, ಇಪ್ಪತ್ತು ನಿಮಿಷ ಮಾತ್ರ, ಹಗುರವಾಗಿ. ಓಟದ ಹಿಂದಿನ ಎರಡು ದಿನ ಪೂರ್ತಿ ವಿಶ್ರಾಂತಿ.

ಭಾನುವಾರ ಗಡಿಯಾರ ಬಿಟ್ಟು ದೂರ ನೋಡಿ. ಮೊದಲ ಭಾನುವಾರ 2 ಕಿಲೋಮೀಟರ್, ವಾರವಾರವೂ ಸ್ವಲ್ಪ ಜಾಸ್ತಿ ಮಾಡುತ್ತ ಏಳನೇ ಭಾನುವಾರಕ್ಕೆ ನಾಲ್ಕೂವರೆ. ಐದನ್ನು ಓಟದ ದಿನಕ್ಕೆ ಬಿಡಿ. ದೂರ ಅಳೆಯಲು 400 ಮೀಟರಿನ ಟ್ರ್ಯಾಕ್ ಸಿಕ್ಕರೆ ಸುಲಭ. ಒಳಗಿನ ಗೆರೆಗೆ ಹನ್ನೆರಡೂವರೆ ಸುತ್ತು ಹಾಕಿದರೆ 5 ಕಿಲೋಮೀಟರ್. ನಾವು ಜಾಸ್ತಿ ಹೋಗಿದ್ದು ಶರಣಬಸವೇಶ್ವರ ಗುಡಿ ಹತ್ತಿರದ ಅಪ್ಪನ ಕೆರೆ ಕಡೆ. ಬೆಳಗಿನ ಹೊತ್ತು ನಡೆಯುವ ಜನ ಇರುತ್ತಾರೆ, ಹೆಂಗಸರಿಗೆ ಧೈರ್ಯ. ಬೀದರಿನವರಿಗೆ ಕೋಟೆ ಇದೆ, ಬರೀದ್ ಶಾಹಿ ಗೋರಿಗಳ ಸುತ್ತಲಿನ ತೋಟ ಇದೆ. ನಮಗಿಂತ ಅಲ್ಲಿ ಚಳಿ ಜಾಸ್ತಿ, ಕಿವಿ ಮುಚ್ಚಿಕೊಂಡು ಹೊರಡಿ.

ವೇಗ ಗೊತ್ತಾಗುವುದು ಮಾತಿನಿಂದ. ಓಡುವಾಗ ಒಂದು ಪೂರ್ತಿ ವಾಕ್ಯ ಹೇಳಲು ಆದರೆ ವೇಗ ಸರಿ ಇದೆ. ಎರಡೆರಡು ಪದಕ್ಕೆ ಉಸಿರು ಕಟ್ಟಿದರೆ ಜಾಸ್ತಿಯಾಗಿದೆ. ಇಲ್ಲಿ ಜೋಡಿಯ ಲಾಭ ಇದೆ. ಒಬ್ಬರೇ ಓಡುವವರು ಮಾತಾಡಿ ನೋಡಲು ಆಗಲ್ಲ. ನಾನು ಅಕ್ಕನಿಗೆ ಏನಾದರೂ ಕೇಳುತ್ತಿದ್ದೆ: "ನಿನ್ನೆ ಹುಳಿಗೆ ಏನೇನ್ ಹಾಕಿದ್ರಿ?" ಬೇಳೆ, ಹುಣಸೆ, ಬೆಲ್ಲ, ಒಗ್ಗರಣೆ ಅಂತ ಪೂರ್ತಿ ಹೇಳಿದರೆ ಮುಂದುವರಿಯುವುದು. "ಬೇಳೆ..." ಅಂತ ನಿಂತರೆ ನಡಿಗೆ. ಅಕ್ಕ "ಸಾಕು" ಅನ್ನುವವರಲ್ಲ, ಹಲ್ಲು ಕಚ್ಚಿ ಓಡುವವರು. ಮೊದಲ ಸಲ ಓಡಿದಾಗ ಇದು ನನಗೆ ಗೊತ್ತಿರಲಿಲ್ಲ. ಜೋಡಿಯಲ್ಲಿ ಚಿಕ್ಕವರು ಅಥವಾ ವೇಗದವರು ತಾವಾಗಿ ಕೇಳಬೇಕು, ದೊಡ್ಡವರು ಹೇಳಲಿ ಅಂತ ಕಾಯಬಾರದು.

ಇನ್ನೊಂದು ಉಪಾಯ: ಅಭ್ಯಾಸದಲ್ಲಿ ನಿಧಾನದವರು ಯಾವಾಗಲೂ ಅರ್ಧ ಹೆಜ್ಜೆ ಮುಂದೆ. ವೇಗದವರು ಅವರ ಭುಜದ ಹಿಂದೆ. ವಾರಕ್ಕೊಂದು ಸಲ ಜೋರಾಗಿ ಓಡಬೇಕು ಅನ್ನಿಸಿದರೆ ಅದನ್ನು ಬೇರೆ ದಿನ, ಒಬ್ಬರೇ ಮಾಡಿ.

ಪಕ್ಕೆ ಹಿಡಿದರೆ ಹೆದರಬೇಡಿ. ನಡಿಗೆಗೆ ಬನ್ನಿ, ನೋವಿರುವ ಜಾಗವನ್ನು ಬೆರಳಿಂದ ಒತ್ತಿ ಸ್ವಲ್ಪ ಮುಂದೆ ಬಾಗಿ, ಉಸಿರನ್ನು ಬಾಯಿಂದ ಉದ್ದಕ್ಕೆ ಬಿಡಿ. ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ಓಟದ ಮೊದಲು ಹೊಟ್ಟೆ ತುಂಬ ತಿಂದಾಗ, ಶುರುವಿನಲ್ಲೇ ಜೋರಾಗಿ ಓಡಿದಾಗ ಇದು ಜಾಸ್ತಿ. ಅಕ್ಕನಿಗೆ ಆ ದಿನ ಎರಡೂ ಆಗಿತ್ತು. ಮನೆಯವರ ಒತ್ತಾಯಕ್ಕೆ ಎರಡು ಇಡ್ಲಿ ತಿಂದು ಬಂದಿದ್ದರು. ಆದರೆ ಎದೆ ಬಿಗಿತ, ತಲೆ ತಿರುಗುವುದು, ಕೈಗೆ ಅಥವಾ ದವಡೆಗೆ ಹರಿಯುವ ನೋವು ಪಕ್ಕೆ ನೋವಲ್ಲ. ಅಲ್ಲೇ ಕೂರಿಸಿ, 108ಕ್ಕೆ ಫೋನ್ ಮಾಡಿ.

ಈ ಎಂಟು ವಾರದ ನಡುವೆ ನಮ್ಮ ಎಳ್ಳ ಅಮಾವಾಸ್ಯೆ ಬರುತ್ತದೆ, ಸಂಕ್ರಾಂತಿ ಬರುತ್ತದೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಊಟ ಮಾಡದೇ ಇರಲು ಯಾರಿಗಾದರೂ ಆಗುತ್ತಾ? ತಿನ್ನಿ. ಆ ದಿನದ ಓಟ ಬಿಡಿ, ಹೊಲದ ಬದುವಿನ ಮೇಲೆ ಎಲ್ಲರ ಜೊತೆ ನಡೆಯಿರಿ. ಮರುದಿನಕ್ಕೆ ಎರಡು ದಿನದ್ದು ಸೇರಿಸಿ ಓಡಬೇಡಿ.

ಬೂಟು, ಬಟ್ಟೆ, ನಾಯಿ

ಬೂಟನ್ನು ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಿಂತು ಕಾಲು ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಲಿ. ಹೊಸ ಬೂಟು ಹಾಕಿಕೊಂಡು ಓಟಕ್ಕೆ ಹೋಗಲೇಬೇಡಿ, ಕನಿಷ್ಠ ಮೂರು ವಾರ ಅದರಲ್ಲಿ ಓಡಿರಬೇಕು.

ಹೆಂಗಸರಿಗೆ ಒಂದು ಮಾತು. ಸ್ಪೋರ್ಟ್ಸ್ ಬ್ರಾ ದುಂದುವೆಚ್ಚ ಅಲ್ಲ, ಬೂಟಿನಷ್ಟೇ ಅವಶ್ಯ. ಅಕ್ಕ ಚೂಡಿದಾರದಲ್ಲೇ ಓಡುತ್ತಾರೆ, ನಾನು ಟ್ರ್ಯಾಕ್ ಪ್ಯಾಂಟಿನಲ್ಲಿ. ಎರಡೂ ನಡೆಯುತ್ತದೆ. ದುಪ್ಪಟ್ಟಾ ಇದ್ದರೆ ಅಡ್ಡ ಹಾಕಿ ಸೊಂಟಕ್ಕೆ ಗಂಟು ಕಟ್ಟಿ, ತುದಿ ಜೋತು ಬೀಳಬಾರದು. ಬಳೆ ಕಡಿಮೆ ಮಾಡಿ. ತಾಳಿ ಸರವನ್ನು ಬಟ್ಟೆಯ ಒಳಗೆ ಹಾಕಿ ಪಿನ್ನು ಮಾಡಿಕೊಳ್ಳಿ. ಕತ್ತಲಿರುವಾಗ ಹೊರಡುವವರಿಗೆ ಅದೇ ಕ್ಷೇಮ.

ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳು ಗಂಟೆಯ ಹತ್ತಿರ. ಅಲ್ಲಿಯವರೆಗೆ ಮಬ್ಬು. ತಿಳಿ ಬಣ್ಣದ ಬಟ್ಟೆ ಹಾಕಿ, ಗಾಡಿ ಎದುರು ಬರುವ ಬದಿಯಲ್ಲಿ, ಅಂದರೆ ರಸ್ತೆಯ ಬಲಕ್ಕೆ ಓಡಿ. ಗಾಡಿ ಬಂದರೆ ಒಬ್ಬರ ಹಿಂದೆ ಒಬ್ಬರಾಗಿ. ನಾಯಿ ಅಟ್ಟಿದರೆ ಓಡಬೇಡಿ. ನಿಂತು, ಇಬ್ಬರೂ ಹತ್ತಿರ ಸೇರಿ, ನಿಧಾನ ನಡೆದು ದಾಟಿ. ಕಚ್ಚಿದರೆ ಅಥವಾ ಪರಚಿದರೂ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ.

ಓಟದ ದಿನ

ಹಿಂದಿನ ರಾತ್ರಿ ಎಂಟರೊಳಗೆ ಊಟ ಮುಗಿಸಿ. ಹೊಸದೇನೂ ಬೇಡ, ಹೊರಗಿನದು ಬೇಡ, ಮಿರ್ಚಿ ಭಜಿಯಂತೂ ಬೇಡ. ನಂಬರ್ ಚೀಟಿಯನ್ನು ರಾತ್ರಿಯೇ ಎದೆ ಭಾಗಕ್ಕೆ ಪಿನ್ನು ಮಾಡಿ ಇಡಿ, ನಾಲ್ಕು ಮೂಲೆಗೂ ನಾಲ್ಕು ಪಿನ್ನು. ಬೆಳಗ್ಗೆ ಎದ್ದು ಒಂದು ಬಾಳೆಹಣ್ಣು ಅಥವಾ ಎರಡು ಖರ್ಜೂರ, ಒಂದು ಲೋಟ ನೀರು. ಅಷ್ಟು ಸಾಕು.

ಜಾಗಕ್ಕೆ ಅರ್ಧ ಗಂಟೆ ಮುಂಚೆ ಹೋಗಿ. ಗುಂಪಿನ ಹಿಂಭಾಗದಲ್ಲಿ ನಿಲ್ಲಿ. ಮುಂದೆ ನಿಂತರೆ ಜೋರಾಗಿ ಓಡುವ ಹುಡುಗರು ತಳ್ಳಿಕೊಂಡು ಹೋಗುತ್ತಾರೆ, ಅವರ ಸೆಳೆತಕ್ಕೆ ನಿಮ್ಮ ಕಾಲೂ ಜೋರಾಗುತ್ತದೆ. ಒಬ್ಬರಿಗೊಬ್ಬರು ಕಳೆದುಹೋದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. "ಮೊದಲ ನೀರಿನ ಟೇಬಲ್ ಹತ್ತಿರ" ಅಂದರೆ ಸುಲಭ.

ಮೊದಲ ಕಿಲೋಮೀಟರ್ ಬೇಕು ಅಂತಲೇ ನಿಧಾನ. ಎಲ್ಲರೂ ದಾಟಿ ಹೋಗುತ್ತಾರೆ, ಹೋಗಲಿ. ನಾವು ಎರಡನೇ ಸಲ ಓಡಿದಾಗ ಶುರುವಿನಿಂದಲೇ 3 ನಿಮಿಷ ಓಟ, 1 ನಿಮಿಷ ನಡಿಗೆ ಹಿಡಿದೆವು. ಕಿಲೋಮೀಟರಿಗೆ 8 ನಿಮಿಷದ ಹದದಲ್ಲಿ ಓಡಿ, 11 ನಿಮಿಷದ ಹದದಲ್ಲಿ ನಡೆದರೆ ಐದು ಕಿಲೋಮೀಟರಿಗೆ ಸುಮಾರು 43 ನಿಮಿಷ ಆಗುತ್ತದೆ. ನಮಗೆ 44 ಆಯಿತು. ನಡೆಯುವ ನಿಮಿಷ ಬಂದಾಗ ಕೈ ಎತ್ತಿ ಹಿಂದಿನವರಿಗೆ ತೋರಿಸಿ, ರಸ್ತೆಯ ಅಂಚಿಗೆ ಬನ್ನಿ. ನೀರು ಕುಡಿದ ಲೋಟ ಬುಟ್ಟಿಗೆ ಹಾಕಿ.

ನಾಲ್ಕನೇ ಕಿಲೋಮೀಟರ್ ಕಷ್ಟದ್ದು. ಗದ್ದಲ ಹಿಂದೆ ಉಳಿದಿರುತ್ತದೆ, ಮುಗಿಯುವ ಜಾಗ ಇನ್ನೂ ಕಾಣುವುದಿಲ್ಲ. ಆ ಕಿಲೋಮೀಟರನ್ನು ನಾವು ನೋಟ್‌ಬುಕ್ಕಿನ ಹೆಸರುಗಳಿಗೆ ಇಟ್ಟುಕೊಂಡಿದ್ದೆವು. ದೀಪದ ಕಂಬದಿಂದ ಕಂಬಕ್ಕೆ ಒಂದು ಹೆಸರು. "ಇದು ಚಿಕ್ಕಮ್ಮಂದು." "ಇದು ತರಕಾರಿಯವರದು." ಅಕ್ಕ ಹೇಳುತ್ತಿದ್ದರು, ನಾನು ಕಂಬ ಎಣಿಸುತ್ತಿದ್ದೆ. ಮುಗಿಯುವ ಗೆರೆ ಕಂಡಾಗ ವೇಗದವರು ಮುಂದೆ ಹಾರಬೇಡಿ. ಕೈ ಹಿಡಿದು ಒಟ್ಟಿಗೆ ದಾಟಿ.

ಮುಗಿದ ಮೇಲೆ

ದಾಟಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಬೆವರಿದ ಬಟ್ಟೆ ಬದಲಿಸಿ, ಜನವರಿಯ ಗಾಳಿಗೆ ಮೈ ಬೇಗ ತಣ್ಣಗಾಗುತ್ತದೆ. ನೀರು, ಆಮೇಲೆ ಸುಸಲಾ ಅಥವಾ ಉಪ್ಪಿಟ್ಟು. ಮರುದಿನ ತೊಡೆ ನೋಯುತ್ತದೆ, ಸುಮ್ನೆ ನಡೆದಾಡಿ. ಮೊಣಕಾಲು ಊದಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ದುಡ್ಡಿನ ಕೆಲಸ ಒಂದು ವಾರದೊಳಗೆ ಮುಗಿಸಿ, ಅದಕ್ಕಿಂತ ತಡವಾದರೆ ಕೇಳುವುದಕ್ಕೂ ಕಷ್ಟ, ಕೊಡುವುದಕ್ಕೂ ಕಷ್ಟ. ಒಪ್ಪಿದವರಿಗೆ ಇಬ್ಬರ ಫೋಟೋ ಕಳಿಸಿ "ಐದೂ ಮುಗಿಸಿದೆವು" ಅಂತ ಬರೆಯಿರಿ. ಬಂದದ್ದನ್ನೆಲ್ಲ ಒಂದೇ ಸಲ ಸಂಸ್ಥೆಯ ಖಾತೆಗೆ ಹಾಕಿ, ರಸೀದಿಯ ಫೋಟೋವನ್ನು ಕೊಟ್ಟ ಎಲ್ಲರಿಗೂ ಕಳಿಸಿ, ಹತ್ತು ರೂಪಾಯಿ ಕೊಟ್ಟವರಿಗೂ. ರಗ್ಗು ಹಂಚುವಾಗ ಕರೆದರೆ ಹೋಗಿ ಬನ್ನಿ, ಆದರೆ ತೆಗೆದುಕೊಳ್ಳುವ ಮಕ್ಕಳ ಮುಖ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಅವರೂ ನಮ್ಮ ಮನೆ ಮಕ್ಕಳ ಹಾಗೆ, ನಾಳೆ ಶಾಲೆಗೆ ಹೋಗಬೇಕಾದವರು.

ನಮ್ಮ ನೋಟ್‌ಬುಕ್ಕಿನಲ್ಲಿ ಮೊದಲ ವರ್ಷ 31 ಹೆಸರಿದ್ದವು. ಓಟ ಮುಗಿದ ಭಾನುವಾರ ಸಂಜೆ ಅಕ್ಕ ಅಡುಗೆ ಮನೆಯ ಕಟ್ಟೆಗೆ ಒರಗಿ ಕೂತು, ಒಂದೊಂದು ಹೆಸರಿನ ಮುಂದೆ ಕೆಂಪು ಪೆನ್ನಿನಿಂದ ಟಿಕ್ ಹಾಕಿದರು. ಎರಡು ಹೆಸರು ಬಾಕಿ ಉಳಿದವು. "ನಾಳೆ ಶಾಲಿಗಿ ಹೋಗೂವಾಗ ನೀ ಒಂದು ಕೇಳು, ಇನ್ನೊಂದು ನಾ ಕೇಳ್ತೀನಿ" ಅಂದು ಪುಸ್ತಕ ಮುಚ್ಚಿ, ಬೇಳೆ ಡಬ್ಬಿಯ ಹಿಂದೆ ಇಟ್ಟರು.